ರೆಸಿನ್ ಬಿಡಬೇಕಾ, ಚಿಪ್ಪು ಆರಿಸಬಾರದಾ? ಕುಮಟಾದಿಂದ ಬಂದ ಪ್ರಶ್ನೆ

ಪ್ರಶ್ನೆ: ನಾನು ಕುಮಟಾದವಳು. ಮೂರು ವರ್ಷದಿಂದ ಮನೆಯಲ್ಲೇ ಓಲೆ, ಸರ, ಪೆಂಡೆಂಟ್ ಮಾಡಿ ಮಾರುತ್ತಿದ್ದೇನೆ. ಕಡಲ ದಂಡೆಯಲ್ಲಿ ಸಿಕ್ಕ ಚಿಪ್ಪು, ಮರಳು, ಒಣ ಹೂವನ್ನು ಗಾಜಿನ ಹಾಗೆ ಗಟ್ಟಿಯಾಗುವ ಅಂಟಾದ ರೆಸಿನ್‌ನಲ್ಲಿ ಕೂರಿಸುತ್ತೇನೆ. ಗುಲಗಂಜಿಗೆ ತೂತು ಕೊರೆದು ಸರ ಪೋಣಿಸುತ್ತೇನೆ. ಹಿತ್ತಾಳೆ ತಂತಿ ಕೆಲಸವೂ ಇದೆ. ನಾಲ್ಕು ವರ್ಷದ ಮಗಳು ಪಕ್ಕದಲ್ಲೇ ಮಣಿ ಆಡುತ್ತಾ ಕೂತಿರುತ್ತಾಳೆ. ಕಳೆದ ಡಿಸೆಂಬರ್‌ನಲ್ಲಿ ಗೋಕರ್ಣದಲ್ಲಿ ಸ್ಟಾಲ್ ಹಾಕಿದ್ದೆ. 'ಪರಿಸರಸ್ನೇಹಿ ಆಭರಣ' ಅಂತ ಬೋರ್ಡ್ ಇತ್ತು. ಒಬ್ಬರು ಅದನ್ನು ಓದಿ, "ಸಮುದ್ರದ ಚಿಪ್ಪು ತಂದು ಪ್ಲಾಸ್ಟಿಕ್‌ನಲ್ಲಿ ಮುಚ್ಚಿ ಮಾರುವುದು ಯಾವ ಪರಿಸರಸ್ನೇಹ?" ಅಂದರು. ಎಲ್ಲರೆದುರು ನನಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಕೆಲಸಕ್ಕೆ ಕೂತರೆ ಅದೇ ಮಾತು ಕಿವಿಯಲ್ಲಿ. ಇಕೋ ರೆಸಿನ್‌ಗೆ ಬದಲಾಯಿಸಲಾ? ಹಿತ್ತಾಳೆ ಶುಚಿ ಮಾಡಿದ ಆಸಿಡ್ ನೀರನ್ನು ಬಚ್ಚಲಿಗೆ ಬಿಡುತ್ತೇನೆ, ಅದು ತಪ್ಪಾ? ಇಲ್ಲ, ಈ ಕೆಲಸವನ್ನೇ ಬಿಟ್ಟುಬಿಡಲಾ?

ಉತ್ತರ: ನೀವು ಕೇಳದೇ ಇರುವ ಒಂದು ವಿಷಯದಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದು ಕಾಯುವಂಥದ್ದಲ್ಲ. ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಎದ್ದು ಹೋಗಿ, ಆ ಗುಲಗಂಜಿ ಡಬ್ಬಿಯನ್ನು ಮಗಳ ಕೈಗೆ ಸಿಗದ ಕಡೆ ಇಟ್ಟು ಬನ್ನಿ.

ನಮ್ಮದು ಅಕ್ಕಸಾಲಿಗರ ಮನೆ. ನನ್ನ ಅಜ್ಜ ಗುಲಗಂಜಿ ಇಟ್ಟೇ ಚಿನ್ನ ತೂಗುತ್ತಿದ್ದರು. ಹಾಗಾಗಿ ಆ ಕಾಳಿನ ಮೇಲೆ ನನಗೂ ಪ್ರೀತಿ ಇದೆ. ಆದರೆ ಅದರೊಳಗೆ ಅಬ್ರಿನ್ ಎಂಬ ವಿಷವಿದೆ. ಬಹಳ ಕಡಿಮೆ ಪ್ರಮಾಣದಲ್ಲೇ ಜೀವ ತೆಗೆಯಬಲ್ಲದು, ಅದಕ್ಕೆ ಪ್ರತಿವಿಷ ಇಲ್ಲ. ಇಡೀ ಕಾಳಿನ ಸಿಪ್ಪೆ ಗಟ್ಟಿ. ಅದು ವಿಷವನ್ನು ಒಳಗೇ ಹಿಡಿದಿಟ್ಟುಕೊಂಡಿರುತ್ತದೆ. ಅಜ್ಜನ ತಕ್ಕಡಿಯಲ್ಲಿ ಅದು ಯಾರಿಗೂ ತೊಂದರೆ ಕೊಡದೇ ಇದ್ದದ್ದು ಅದಕ್ಕೇ. ನೀವು ಡ್ರಿಲ್ ಇಟ್ಟ ಕೂಡಲೇ ಆ ಬಾಗಿಲು ತೆರೆಯಿತು. ಕೊರೆಯುವಾಗ ಏಳುವ ಪುಡಿ ನಿಮ್ಮ ಮೂಗಿಗೆ, ಕಣ್ಣಿಗೆ ಹೋಗುತ್ತದೆ. ತೂತಿರುವ ಕಾಳನ್ನು ಮಗು ಬಾಯಿಗೆ ಹಾಕಿ ಅಗಿದರೆ ಹೇಳುವುದೇ ಬೇಡ. ಹಾಗೇನಾದರೂ ಆದರೆ ವಾಂತಿ, ಭೇದಿ ಶುರುವಾಗಲಿ ಅಂತ ಕಾಯಬೇಡಿ. ಲಕ್ಷಣ ಕಾಣಿಸಲು ಗಂಟೆಗಳು, ಕೆಲವೊಮ್ಮೆ ದಿನವೇ ಹಿಡಿಯಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ, ಗುಲಗಂಜಿ ಅಂತ ಹೆಸರು ಹೇಳಿ.

ಈಗಾಗಲೇ ಮಾರಿದ ಸರಗಳಿವೆ ಅಲ್ವಾ? ಗೊತ್ತಿರುವ ಗಿರಾಕಿಗಳಿಗೆ ಫೋನ್ ಮಾಡಿ, ವಾಪಸ್ ತರಿಸಿಕೊಳ್ಳಿ, ಬದಲಿಗೆ ಬೇರೆ ಸರ ಕೊಡಿ. ಮುಜುಗರ ಆಗುತ್ತದೆ, ನನಗೆ ಗೊತ್ತು. ಆದರೂ ಮಾಡಿ. ಕೆಂಪು ಬಣ್ಣವೇ ಬೇಕಿದ್ದರೆ ಆನೆಗುಲಗಂಜಿ ಇದೆ. ಅದು ಕಪ್ಪು ಚುಕ್ಕೆ ಇಲ್ಲದ, ಪೂರ್ತಿ ಕೆಂಪಾದ, ಚಪ್ಪಟೆ ಕಾಳು. ದೊಡ್ಡ ಮರದ ಕೆಳಗೆ ಉದುರಿ ಬಿದ್ದಿರುತ್ತದೆ. ಅದನ್ನೂ ಮಕ್ಕಳ ಬಾಯಿಗೆ ಕೊಡಬಾರದು, ಆದರೆ ಗುಲಗಂಜಿಯ ಅಪಾಯ ಅದರಲ್ಲಿಲ್ಲ.

ಈಗ ಗೋಕರ್ಣದ ಆ ಮಾತಿಗೆ ಬರೋಣ. ಅವರು ಒಂದೇ ವಾಕ್ಯದಲ್ಲಿ ಎರಡು ಆರೋಪ ಮಾಡಿದ್ದಾರೆ. ಪ್ಲಾಸ್ಟಿಕ್ ಅಂದದ್ದು ಪೂರ್ತಿ ನಿಜ. ಚಿಪ್ಪಿನ ಬಗ್ಗೆ ಅಂದದ್ದು ಅರ್ಧ ನಿಜ.

ರೆಸಿನ್ ಗಟ್ಟಿಯಾದ ಮೇಲೆ ಪ್ಲಾಸ್ಟಿಕ್ಕೇ. ಅದರಲ್ಲೂ ಕರಗಿಸಿ ಮತ್ತೆ ಎರಕ ಹೊಯ್ಯಲು ಬಾರದ ಜಾತಿಯದ್ದು. ಹಳೇ ಬಕೆಟ್ಟನ್ನಾದರೂ ಕರಗಿಸಿ ಇನ್ನೊಂದು ವಸ್ತು ಮಾಡಬಹುದು, ಇದಕ್ಕೆ ಆ ದಾರಿಯೂ ಇಲ್ಲ. ಇಕೋ ರೆಸಿನ್, ಬಯೋ ರೆಸಿನ್ ಅಂತ ಬರುವವುಗಳಲ್ಲಿ ಕಚ್ಚಾ ಎಣ್ಣೆಯ ಒಂದು ಪಾಲಿನ ಬದಲು ಗಿಡದ ಎಣ್ಣೆಯಿಂದ ಬಂದ ವಸ್ತು ಇರುತ್ತದೆ. ಹುಟ್ಟಿನಲ್ಲಿ ಅಷ್ಟು ಲಾಭ. ಗಟ್ಟಿಯಾದ ಮೇಲೆ ಇದೂ ಮಣ್ಣಲ್ಲಿ ಕರಗುವುದಿಲ್ಲ. 'ವಾಸನೆ ಇಲ್ಲ, ಹಾಗಾಗಿ ಸುರಕ್ಷಿತ' ಅನ್ನುವುದೂ ತಪ್ಪು ನಂಬಿಕೆ. ಎರಡು ದ್ರವ ಬೆರೆಸಿ ಮಾಡುವ ಎಪಾಕ್ಸಿ ರೆಸಿನ್‌ನ ಹಾರ್ಡನರ್ (ಗಟ್ಟಿಯಾಗಿಸುವ ಭಾಗ) ಆಗಲಿ, ಯುವಿ ಬೆಳಕಿಗೆ ಗಟ್ಟಿಯಾಗುವ ಯುವಿ ರೆಸಿನ್ ಆಗಲಿ, ಹಸಿಯಾಗಿದ್ದಾಗ ಪದೇಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟುತ್ತದೆ. ಒಮ್ಮೆ ಹುಟ್ಟಿದ ಅಲರ್ಜಿ ಸಾಮಾನ್ಯವಾಗಿ ಜನ್ಮಪೂರ್ತಿ ಉಳಿಯುತ್ತದೆ. ಶಿರಸಿಯಲ್ಲಿ ನಾನು ನಡೆಸುವ ತರಬೇತಿಗೆ ಬಂದಿದ್ದ ಒಬ್ಬ ಹುಡುಗಿ ಎರಡು ವರ್ಷ ಬರಿಗೈಯಲ್ಲೇ ರೆಸಿನ್ ಕಲಸಿದ್ದಳು. ಬೆರಳ ಸಂದಿಯೆಲ್ಲಾ ಒಡೆದು ನೀರು ಬರುತ್ತಿತ್ತು. ಈಗ ರೆಸಿನ್ ಇರುವ ಕೋಣೆಗೆ ಬಂದರೂ ಅವಳ ಕಣ್ಣುರೆಪ್ಪೆ ಊದಿಕೊಳ್ಳುತ್ತದೆ.

ಹಾಗಂತ ನಾಳೆಯೇ ರೆಸಿನ್ ಬಿಡಿ ಅಂತ ಹೇಳಲಾರೆ. ನಿಮ್ಮ ಅರ್ಧ ಆದಾಯ ಅದರಲ್ಲೇ ಇರಬಹುದು. ನಾನಾದರೆ ನಿಧಾನವಾಗಿ ಕಡಿಮೆ ಮಾಡುತ್ತಿದ್ದೆ. ಇಡೀ ಓಲೆಯನ್ನು ರೆಸಿನ್‌ನಲ್ಲಿ ಹೊಯ್ಯುವ ಬದಲು, ಹಿತ್ತಾಳೆ ಚೌಕಟ್ಟಿನೊಳಗೆ ಒಂದು ತೆಳು ಪದರ ಸಾಕು. ಲ್ಯಾಟೆಕ್ಸ್ ಬೇಡ, ನೈಟ್ರೈಲ್ ಕೈಗವಸು ಹಾಕಿ. ಎರಡು ಭಾಗವನ್ನು ಕಣ್ಣಂದಾಜಿನಲ್ಲಿ ಬೆರೆಸಬೇಡಿ, ಡಬ್ಬಿಯ ಮೇಲೆ ಹೇಳಿದ ಹಾಗೆ ಅಳೆದೇ ಬೆರೆಸಿ. ಲೆಕ್ಕ ತಪ್ಪಿದರೆ ಅಂಟಂಟು ಉಳಿಯುತ್ತದೆ, ಅದೂ ಕಸವೇ. ಮಳೆಗಾಲದಲ್ಲಂತೂ ನಮ್ಮ ಕರಾವಳಿಯ ತೇವಕ್ಕೆ ಎಪಾಕ್ಸಿಯ ಮೇಲೆ ಜಿಡ್ಡಿನ ಪೊರೆ ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೆಸಿನ್ ಕೆಲಸ ನಿಲ್ಲಿಸಿದರೆ ಹಾಳಾಗುವ ತುಂಡುಗಳೇ ಎಷ್ಟೋ ಕಡಿಮೆಯಾಗುತ್ತವೆ. ಕಲಸಿದ ಕಪ್ಪನ್ನು ಬಚ್ಚಲಲ್ಲಿ ತೊಳೆಯಲೇಬೇಡಿ. ಸಿಲಿಕಾನ್ ಕಪ್ ಇಟ್ಟುಕೊಳ್ಳಿ. ಮರುದಿನ ಉಳಿದದ್ದು ಗಟ್ಟಿಯಾಗಿ, ಹಪ್ಪಳ ಎದ್ದ ಹಾಗೆ ಎದ್ದು ಬರುತ್ತದೆ. ಉಜ್ಜುವಾಗ ನೀರಿನಲ್ಲೇ ಉಜ್ಜಿ, ಆ ನೀರನ್ನು ಒಂದು ರಾತ್ರಿ ಬಿಟ್ಟು ಬಟ್ಟೆಯಲ್ಲಿ ಸೋಸಿ. ಆ ಪುಡಿ ಬಹಳ ಸಣ್ಣ ಪ್ಲಾಸ್ಟಿಕ್. ಚರಂಡಿಗೆ ಬಿಟ್ಟರೆ ಅದು ಸೇರುವುದು ಅಘನಾಶಿನಿ ನದಿಯನ್ನೇ.

ಬದಲಿ ಏನಿದೆ ಅಂದರೆ, ಅರಗು ಇದೆ. ಚನ್ನಪಟ್ಟಣದ ಗೊಂಬೆಗೆ ಹಚ್ಚುವುದು ಅದನ್ನೇ, ನಾವು ಟೊಳ್ಳು ಒಡವೆಯೊಳಗೆ ತುಂಬುವುದೂ ಅದನ್ನೇ. ಕೀಟದಿಂದ ಬರುವ ಅಂಟು, ಮಣ್ಣಲ್ಲಿ ಕರಗುತ್ತದೆ. ಆದರೆ ಅದರ ಗುಣ ತಿಳಿದೇ ಕೈ ಹಾಕಿ. ಬಿಸಿಗೆ ಮೆತ್ತಗಾಗುತ್ತದೆ, ಬಿದ್ದರೆ ಒಡೆಯುತ್ತದೆ, ನೀರು ನಿಂತರೆ ಬೆಳ್ಳಗಾಗುತ್ತದೆ. ಗಾಜಿನ ಹಾಗೆ ಒಳಗಿನ ಹೂವು ಕಾಣಿಸುವುದೂ ಇಲ್ಲ. ರೆಸಿನ್ ಮಾಡುವ ಕೆಲಸವನ್ನೇ ಅರಗಿನಿಂದ ಮಾಡಿಸಲು ಹೋದರೆ ಇಬ್ಬರಿಗೂ ಬೇಸರ. ಗೆರಟೆಯ ಪದಕದಲ್ಲಿ ಕೆತ್ತಿದ ಗೆರೆಗೆ ಕೆಂಪು ಅರಗು ತುಂಬಿ ನೋಡಿ, ಆಗ ಅದರ ಚೆಂದ ಗೊತ್ತಾಗುತ್ತದೆ. ಇನ್ನೊಂದು ಎಚ್ಚರಿಕೆ: ಪಾಲಿಮರ್ ಕ್ಲೇ ಅನ್ನುವುದರಲ್ಲಿ ಕ್ಲೇ ಅಂತ ಹೆಸರಿದ್ದರೂ ಅದು ಮಣ್ಣಲ್ಲ, ಪಿವಿಸಿ ಎಂಬ ಪ್ಲಾಸ್ಟಿಕ್. ರೆಸಿನ್ ಬಿಟ್ಟು ಅದಕ್ಕೆ ಹೋದರೆ ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ.

ಚಿಪ್ಪಿನ ವಿಷಯ ನನಗೆ ಹೆಚ್ಚು ಇಷ್ಟದ್ದು, ಸ್ವಲ್ಪ ಜಾಸ್ತಿ ಹೇಳುತ್ತೇನೆ.

ದಂಡೆಯಲ್ಲಿ ಬಿದ್ದ ಖಾಲಿ ಚಿಪ್ಪು ಯಾರಿಗೂ ಬೇಡದ್ದು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಸನ್ಯಾಸಿ ಏಡಿಗೆ ಅದೇ ಮನೆ. ಬೆಳೆದಂತೆಲ್ಲಾ ಅದು ದೊಡ್ಡ ಶಂಖ ಹುಡುಕಿ ಮನೆ ಬದಲಿಸುತ್ತದೆ. ಉಳಿದದ್ದು ಒಡೆದು ಪುಡಿಯಾಗಿ ಮರಳಿಗೇ ಸೇರುತ್ತದೆ. ನೀವೊಬ್ಬರು ವಾರಕ್ಕೊಂದು ಹಿಡಿ ಆರಿಸಿದರೆ ಕಡಲು ಬರಿದಾಗುವುದಿಲ್ಲ, ನಿಜ. ಆದರೆ ಗೋಕರ್ಣದಲ್ಲಿ ಸೀಸನ್ನಿನಲ್ಲಿ ಎಷ್ಟು ಕೈಗಳು ಆರಿಸುತ್ತವೆ ಅಂತ ನೀವೇ ನೋಡಿದ್ದೀರಿ. ಅದಕ್ಕಿಂತ ಕೆಟ್ಟದ್ದು ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಹೊಳೆಯುವ ಚಿಪ್ಪಿನ ಪ್ಯಾಕೆಟ್. ದಂಡೆಗೆ ಬಂದು ಬಿದ್ದ ಚಿಪ್ಪು ಬಿಸಿಲಿಗೆ ಮಂಕಾಗಿರುತ್ತದೆ, ಅಂಚು ಸವೆದಿರುತ್ತದೆ. ಅಷ್ಟು ಹೊಳಪು ಇರಬೇಕಾದರೆ ಅದನ್ನು ಹೆಚ್ಚಾಗಿ ಜೀವ ಇದ್ದಾಗಲೇ ತೆಗೆದಿರುತ್ತಾರೆ. ಅದನ್ನು ಕೊಳ್ಳಬೇಡಿ.

ಕಾನೂನೂ ಗೊತ್ತಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಇರುವುದು ಹುಲಿ, ಆನೆ ಮಾತ್ರವಲ್ಲ. ಹವಳ, ಕಡಲ ಬೀಸಣಿಗೆ, ಕಡಲಕುದುರೆ, ಕಡಲಾಮೆ, ಕೆಲವು ಜಾತಿಯ ದೊಡ್ಡ ಶಂಖ, ಚಿಪ್ಪುಗಳೂ ಇವೆ. ಮೊದಲ ಪಟ್ಟಿಯ ಪ್ರಾಣಿಗಳ ವಿಷಯದಲ್ಲಿ ಶಿಕ್ಷೆ ಮೂರರಿಂದ ಏಳು ವರ್ಷ ಜೈಲು. 'ಸತ್ತು ದಡಕ್ಕೆ ಬಂದದ್ದು, ನಾನು ಕಿತ್ತದ್ದಲ್ಲ' ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಮುರ್ಡೇಶ್ವರದ ಕಡೆ ಯಾರಾದರೂ ಬಿಳಿ ಹವಳದ ತುಂಡು ತಂದುಕೊಟ್ಟರೆ ಮುಟ್ಟಲೇಬೇಡಿ. ಯಾವ ಜಾತಿ ಅಂತ ಅನುಮಾನ ಬಂದರೆ ಕಾರವಾರದಲ್ಲಿ ಕಡಲ ಜೀವಿಗಳ ಅಧ್ಯಯನ ವಿಭಾಗ ಇದೆ, ಫೋಟೊ ತೋರಿಸಿ ಕೇಳಿ.

ಇಷ್ಟೆಲ್ಲ ಹೇಳಿ, ಚಿಪ್ಪು ಬಿಡಿ ಅಂತ ಹೇಳುತ್ತೇನಾ? ಇಲ್ಲವೇ ಇಲ್ಲ. ದಂಡೆಯ ಚಿಪ್ಪು ಬಿಡಿ, ಅಡುಗೆಮನೆಯ ಚಿಪ್ಪು ಹಿಡಿಯಿರಿ. ನಿಮ್ಮ ಊರಿನ ಪಕ್ಕದ ಅಘನಾಶಿನಿ ಅಳಿವೆ ರಾಮ್ಸರ್ ತಾಣ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ 2024ರ ಜನವರಿಯಲ್ಲಿ ಘೋಷಣೆಯಾಯಿತು. ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಕೆಸರಿಗಿಳಿದು ಬೆಳಚು ಎಂಬ ಚಿಪ್ಪುಮೀನು ತೆಗೆಯುತ್ತಾರೆ. ಮಾಂಸ ಊಟಕ್ಕೆ ಹೋಗುತ್ತದೆ, ಚಿಪ್ಪು ಹಿತ್ತಲ ಮೂಲೆಯಲ್ಲಿ ರಾಶಿ ಬೀಳುತ್ತದೆ. ಬಂಡೆಗೆ ಅಂಟಿ ಬೆಳೆಯುವ ಚಿಪ್ಪುಮೀನು ನೀಲಿಕಲ್ಲಿನದೂ ಅದೇ ಕಥೆ. ಮೀನೂಟದ ಹೋಟೆಲಿಗೆ ಒಂದು ಬಕೆಟ್ ಇಟ್ಟು ಬಂದರೆ ಸಂಜೆಗೆ ತುಂಬಿರುತ್ತದೆ. ತೆಗೆಯುವ ಹೆಂಗಸರಿಂದಲೇ ತರುವುದಾದರೆ ಸುಮ್ನೆ ತರಬೇಡಿ, ಆರಿಸಿ ತೊಳೆದು ಕೊಟ್ಟದ್ದಕ್ಕೆ ಹಣ ಕೊಡಿ.

ಬೆಳಚನ್ನು ಕೈಯಲ್ಲಿ ಹಿಡಿದು ನೋಡಿ. ಮೇಲಿನ ಕಂದು ಪೊರೆ ಉಜ್ಜಿ ತೆಗೆದರೆ ಒಂದರ ಪಕ್ಕ ಒಂದು ಗೆರೆ ಕಾಣುತ್ತದೆ, ಉಳುಮೆ ಮಾಡಿದ ಗದ್ದೆಯ ಹಾಗೆ. ಅದು ಬೆಳೆದ ಲೆಕ್ಕ. ನೀಲಿಕಲ್ಲಿನ ಅಂಚಿನಲ್ಲಿ ಎಳೆ ಬಾಳೆಲೆಯ ಹಸಿರು, ಒಳಗೆ ಮುತ್ತಿನ ಬಿಳುಪು. ಇಷ್ಟು ಚೆಂದದ್ದನ್ನು ರೆಸಿನ್‌ನೊಳಗೆ ಯಾಕೆ ಹೂಳಬೇಕು? ಅಂಚು ನಯ ಮಾಡಿ, ತೂತು ಕೊರೆದು, ಕೊಬ್ಬರಿ ಎಣ್ಣೆಯಲ್ಲಿ ಜೇನುಮೇಣ ಕರಗಿಸಿ ಒರೆಸಿದರೆ ಸಾಕು. ಒಂದು ವರ್ಷದ ಮೇಲೆ ಮಂಕಾದರೆ ಮತ್ತೆ ಒರೆಸಬಹುದು.

ಮಾಡುವಾಗ ಇಷ್ಟು ನೆನಪಿರಲಿ. ಮೊದಲು ಸೋಪು ನೀರಲ್ಲಿ ಕುದಿಸಿ ಉಜ್ಜಿ, ವಾಸನೆ ಹೋಗುತ್ತದೆ. ಹೊಳಪು ಬರಲಿ ಅಂತ ನಿಂಬೆರಸ, ವಿನೆಗರ್ ಹಾಕುವವರಿದ್ದಾರೆ. ಚಿಪ್ಪು ಅಂದರೆ ಸುಣ್ಣದಕಲ್ಲು, ಹುಳಿ ತಾಗಿದರೆ ನೊರೆಯೆದ್ದು ಅದೇ ಕರಗುತ್ತದೆ. ಕೊರೆಯುವಾಗ, ಉಜ್ಜುವಾಗ ತಟ್ಟೆಯಲ್ಲಿ ನೀರು ಹಾಕಿ ಅದರೊಳಗೇ ಕೆಲಸ ಮಾಡಿ. ಡ್ರಿಲ್ಲಿನ ಮೋಟಾರಿಗೆ ಮಾತ್ರ ನೀರು ಸಿಡಿಯಬಾರದು, ಬ್ಯಾಟರಿಯದ್ದಾದರೆ ಒಳ್ಳೆಯದು. ಒಣ ಪುಡಿ ಎದೆಗೆ ಹೋದರೆ ಕೆಮ್ಮು, ಉಬ್ಬಸ ಬರುತ್ತದೆ, ಎನ್-95 ಮಾಸ್ಕ್ ತೆಗೆಯಬೇಡಿ. ಆ ಬಿಳಿ ನೀರು ಮಾತ್ರ ನಿರಪಾಯ, ತೆಂಗಿನ ಬುಡಕ್ಕೆ ಹಾಕಿ.

ಬಚ್ಚಲಿಗೆ ಬಿಡುವ ಆಸಿಡ್ ನೀರಿನ ಬಗ್ಗೆ ಕೇಳಿದ್ದೀರಿ. ಹೌದು, ಅದು ತಪ್ಪು. ಗೋಕರ್ಣದ ಆ ಗಿರಾಕಿಗೆ ಕಾಣದೇ ಹೋದದ್ದು ಇದು, ಮತ್ತು ನಿಮ್ಮ ಇಡೀ ಕೆಲಸದಲ್ಲಿ ಪರಿಸರಕ್ಕೆ ನೇರವಾಗಿ ತಾಗುವುದು ಇದೇ. ತೊಂದರೆ ಬರೀ ಆಸಿಡ್‌ನದ್ದಲ್ಲ, ಅದರಲ್ಲಿ ಕರಗಿದ ತಾಮ್ರದ್ದು. ನೀರು ನೀಲಿ-ಹಸಿರಾಗುವುದು ನೋಡಿದ್ದೀರಲ್ಲ, ಅದು ತಾಮ್ರ. ಮೀನಿಗೆ ಅದು ವಿಷ, ಬೆಳಚಿನಂಥ ಜೀವಿಗಳ ಮರಿಗಳಿಗೆ ಇನ್ನೂ ಹೆಚ್ಚು. ಕರಾವಳಿಯ ಮಣ್ಣು ಮರಳು ಮರಳು, ಬಾವಿಗೆ ಆಳವಿಲ್ಲ. ಬಚ್ಚಲ ಗುಂಡಿಗೂ ಬಾವಿಗೂ ಎಷ್ಟು ದೂರ ಇದೆ, ಒಮ್ಮೆ ಅಳೆದು ನೋಡಿ.

ದಾರಿ ಕಷ್ಟದ್ದಲ್ಲ. ಗಂಧಕಾಮ್ಲದಂಥ ಆಸಿಡ್ ಬಿಟ್ಟು ಸಿಟ್ರಿಕ್ ಆಸಿಡ್ ಪುಡಿ, ಅಂದರೆ ಅಂಗಡಿಯ ನಿಂಬೆಹುಳಿ ಪುಡಿ ತನ್ನಿ. ಒಂದು ಲೀಟರ್ ನೀರಿಗೆ 100 ಗ್ರಾಂ. ಬೆಚ್ಚಗಿದ್ದರೆ ಬೇಗ ಕೆಲಸ ಮಾಡುತ್ತದೆ. ಬೆಸುಗೆಯ ಕಪ್ಪು, ಬೆಸುಗೆಗೆ ಹಚ್ಚಿದ ಬಿಳಿಗಾರ ಗಾಜಿನಂತೆ ಅಂಟಿದ್ದು ಎಲ್ಲ ಬಿಡುತ್ತದೆ, ಸ್ವಲ್ಪ ತಡವಾಗಿ ಅಷ್ಟೆ. ಪಾತ್ರೆ ಅಡುಗೆಯದ್ದಾಗಿರಬಾರದು. ಕಬ್ಬಿಣದ ಇಕ್ಕಳ ಮುಳುಗಿಸಬೇಡಿ, ಒಳಗಿನ ಒಡವೆಗೆಲ್ಲಾ ತಾಮ್ರದ ಕೆಂಪು ಹತ್ತುತ್ತದೆ. ಬಿದಿರಿನ ಕಡ್ಡಿ ಸಾಕು. ಒಂದೇ ದ್ರಾವಣವನ್ನು ತಿಂಗಳುಗಟ್ಟಲೆ ಬಳಸಿ. ಮೊದಲ ಸಲ ತೊಳೆದ ನೀರನ್ನೂ ಚೆಲ್ಲದೆ ಅದಕ್ಕೇ ಸೇರಿಸಿ. ದ್ರಾವಣ ಕೆಲಸ ಮಾಡದಂತಾದಾಗ ಅಡಿಗೆಸೋಡಾ ಹಾಕಿದರೆ ತಾಮ್ರವೆಲ್ಲ ತಳಕ್ಕೆ ಕೂರುತ್ತದೆ ಅಂತ ಹೇಳುವವರಿದ್ದಾರೆ. ಸಿಟ್ರಿಕ್‌ನಲ್ಲಿ ಹಾಗಾಗುವುದಿಲ್ಲ, ಅದು ತಾಮ್ರವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಹೊಯ್ದು, ಮೇಲೆ ಜಾಳಿಗೆ ಮುಚ್ಚಿ, ಏಪ್ರಿಲ್ ಬಿಸಿಲಿಗೆ ಇಡಿ. ನೀರು ಆರಿ ಹಸಿರು ಹೊಪ್ಪಳಿಕೆ ಉಳಿಯುತ್ತದೆ. ಅದನ್ನು ಗಟ್ಟಿ ಮುಚ್ಚಳದ ಬಾಟಲಿಯಲ್ಲಿ ಕೂಡಿಟ್ಟು, ಕಸದ ಗಾಡಿಗೆ ಕೊಡುವಾಗ ಬಲ್ಬು, ಬಣ್ಣದ ಡಬ್ಬಿಯ ಜೊತೆ ಅಪಾಯದ ಕಸ ಅಂತ ಬೇರೆಯಾಗಿ ಕೊಡಿ.

ನಮ್ಮ ಮನೆಯಲ್ಲಿ ಕೆಲಸದ ಜಾಗ ಗುಡಿಸಿದ ಮಣ್ಣನ್ನು ಹೊರಗೆ ಚೆಲ್ಲುತ್ತಿರಲಿಲ್ಲ. ಜಲಗಾರರು ಬಂದು ದುಡ್ಡು ಕೊಟ್ಟು ಒಯ್ಯುತ್ತಿದ್ದರು, ತೊಳೆದು ಅದರಲ್ಲಿನ ಚಿನ್ನ ತೆಗೆಯುತ್ತಿದ್ದರು. ಹಿತ್ತಾಳೆಗೆ ಆ ಬೆಲೆ ಇಲ್ಲ, ಆದರೆ ಅಭ್ಯಾಸ ಒಳ್ಳೆಯದು. ಅರ ಹಾಕುವಾಗ ತೊಡೆ ಮೇಲೆ ಚರ್ಮ ಅಥವಾ ದಪ್ಪ ಬಟ್ಟೆ ಹಾಸಿ, ಪುಡಿ ಕೂಡಿಸಿ, ಗುಜರಿಗೆ ಕೊಡಿ. ಮುಗಿದ ಒಡವೆಗೆ ಅಂಟುವಾಳದ ನೊರೆ, ಮೆತ್ತನೆ ಬ್ರಷ್. ಅಜ್ಜನ ಕಾಲದಿಂದ ಅದನ್ನು ಮೀರಿಸಿದ ಪಾಲಿಶ್ ನಾನು ಕಂಡಿಲ್ಲ. ಬೆಸುಗೆ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದು ಅಂತ ಕೇಳಿಯೇ ತನ್ನಿ. ಕೆಡಿಎಂ ಅನ್ನುವ ಮಾತು ಬಂದದ್ದು ಆ ಕ್ಯಾಡ್ಮಿಯಂ ಬೆಸುಗೆಯಿಂದಲೇ, ಅದರ ಹೊಗೆ ಶ್ವಾಸಕೋಶ, ಮೂತ್ರಪಿಂಡ ಎರಡನ್ನೂ ತಿನ್ನುತ್ತದೆ. ಚಿನ್ನದ ಲೇಪ ಬೇಕಾದರೆ ಮನೆಯಲ್ಲಿ ಕಿಟ್ ತಂದು ಪ್ರಯೋಗ ಮಾಡಬೇಡಿ. ಆ ಕೆಲಸದಲ್ಲಿ ಸಯನೈಡ್ ಬಳಕೆ ಇದೆ, ತ್ಯಾಜ್ಯ ನೀರು ಶುದ್ಧ ಮಾಡುವ ವ್ಯವಸ್ಥೆ ಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು.

ಈಗ ನನ್ನ ಮನಸ್ಸಿನ ಮಾತು. ಚಿಪ್ಪು, ಕಾಳು, ಗೆರಟೆ ಅಂತ ನಾವು ಎಷ್ಟೇ ಒಳ್ಳೆಯ ವಸ್ತು ತಂದರೂ, ಓಲೆ ಎರಡು ತಿಂಗಳಿಗೆ ಕಸದ ಬುಟ್ಟಿಗೆ ಹೋದರೆ ಆ ಲೋಹ, ಆ ಗ್ಯಾಸು, ನಿಮ್ಮ ಶ್ರಮ ಎಲ್ಲ ವ್ಯರ್ಥ. ಇಲ್ಲಿ ಓಲೆ ಹಾಳಾಗುವುದು ಹೆಚ್ಚಾಗಿ ಕೊಕ್ಕೆಯಲ್ಲಿ. ಉಪ್ಪುಗಾಳಿ, ಬೆವರು ಸೇರಿ ಹಿತ್ತಾಳೆ ಹಸಿರಾಗುತ್ತದೆ. ನಿಕ್ಕಲ್ ಲೇಪದ ಕೊಕ್ಕೆಯಿಂದ ಕಿವಿ ಕೆರೆಯುತ್ತದೆ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇಲ್ಲ, ನಿಕ್ಕಲ್ಲೇ ಇದೆ. ಒಮ್ಮೆ ಕಿವಿ ಕೆರೆದರೆ ಆ ಓಲೆ ಮತ್ತೆ ಹೊರಗೆ ಬರುವುದಿಲ್ಲ. ಹಾಗಾಗಿ ದುಡ್ಡು ಎಲ್ಲಾದರೂ ಜಾಸ್ತಿ ಹಾಕುವುದಾದರೆ ಕೊಕ್ಕೆಗೆ ಹಾಕಿ. 925 ಬೆಳ್ಳಿಯ (ಸಾವಿರಕ್ಕೆ 925 ಪಾಲು ಬೆಳ್ಳಿ ಇರುವ) ತಂತಿ ತಂದು ನೀವೇ ಬಾಗಿಸಿ. ಹಳೇ ಬೆಳ್ಳಿ ಕರಗಿಸಿದ್ದಾದರೂ ಆಗುತ್ತದೆ. ಅಷ್ಟಕ್ಕೇ 'ಮರುಬಳಕೆ ಬೆಳ್ಳಿ' ಅಂತ ದೊಡ್ಡದಾಗಿ ಬರೆಯಬೇಡಿ. ನಮ್ಮಲ್ಲಿ ಬೆಳ್ಳಿಯನ್ನು ಯಾರೂ ಯಾವತ್ತೂ ಎಸೆದಿಲ್ಲ.

ಹಾಲಕ್ಕಿ ಸಮುದಾಯದ ಅಜ್ಜಿಯರ ಕೊರಳಿನ ಕರಿಮಣಿ ಸರಗಳನ್ನು ನೀವು ಅಂಕೋಲಾ, ಕುಮಟಾ ಸಂತೆಯಲ್ಲಿ ನೋಡಿಯೇ ಇರುತ್ತೀರಿ. ದಾರ ಹರಿದರೆ ಮಣಿ ಆರಿಸಿ ಮತ್ತೆ ಪೋಣಿಸುತ್ತಾರೆ. ಗಾಜಿನ ಮಣಿ ಸವೆಯುವುದಿಲ್ಲ, ದಾರ ಮಾತ್ರ ಹೊಸದು. ನಿಮ್ಮ ಒಡವೆಯೂ ಹಾಗೆ ಬಿಚ್ಚಿ ಕಟ್ಟಲು ಬರುವಂತಿರಲಿ. ಅಂಟು ಹಾಕಿ ಮುಚ್ಚುವ ಕಡೆ ತಂತಿಯ ಸಣ್ಣ ಉಂಗುರ ಹಾಕಿ ಜೋಡಿಸಿ. ಇನ್ನೊಂದು ಮಾಡಿ ನೋಡಿ: ಒಂದು ಓಲೆ ಕಳೆದುಕೊಂಡವರಿಗೆ ಒಂದೇ ಓಲೆ ಮಾಡಿಕೊಡಿ. ಪ್ರತಿ ಮನೆಯ ಡ್ರಾಯರ್‌ನಲ್ಲೂ ಜೋಡಿ ಇಲ್ಲದ ಓಲೆ ಇದ್ದೇ ಇರುತ್ತದೆ. ನನ್ನ ಹತ್ತಿರ ಕಲಿತ ಇಬ್ಬರು ಇದನ್ನು ಶುರು ಮಾಡಿದರು. ಆ ಒಂಟಿ ಓಲೆಗೆ ಬಂದವರೇ ಅವರ ಕಾಯಂ ಗಿರಾಕಿಗಳಾಗಿದ್ದಾರೆ.

ಪ್ಯಾಕಿಂಗ್‌ಗೆ ತಲೆ ಕೆಡಿಸಿಕೊಳ್ಳಬೇಡಿ. ಹಳೇ ಪೇಪರ್, ಅಡಿಕೆ ಹಾಳೆಯ ತುಂಡು, ದರ್ಜಿ ಅಂಗಡಿಯ ಚಿಂದಿಯ ಸಣ್ಣ ಚೀಲ ಸಾಕು. 'ಬಯೋಡಿಗ್ರೇಡಬಲ್' ಅಂತ ಬರೆದ ಕವರಿಗೆ ಜಾಸ್ತಿ ದುಡ್ಡು ಕೊಡಬೇಡಿ. ಎಷ್ಟೋ ಕವರ್‌ಗಳು ಬರೀ ಚೂರು ಚೂರಾಗುತ್ತವೆ ಅಷ್ಟೆ, ಕೆಲವು ದೊಡ್ಡ ಗೊಬ್ಬರ ಘಟಕದ ಬಿಸಿಯಲ್ಲಿ ಮಾತ್ರ ಕರಗುತ್ತವೆ. ಜುಲೈ ಮಳೆಯಲ್ಲಿ ಕೊರಿಯರ್ ಕಳಿಸುವಾಗ ಮನೆಗೆ ಬಂದ ಹಳೇ ಪ್ಲಾಸ್ಟಿಕ್ ಕವರನ್ನೇ ಇನ್ನೊಮ್ಮೆ ಬಳಸಿದರೆ ಅದರಲ್ಲಿ ನಾಚಿಕೆ ಇಲ್ಲ. ನೆನೆದು ಹಾಳಾದ ಪಾರ್ಸೆಲ್ ಅದಕ್ಕಿಂತ ದೊಡ್ಡ ನಷ್ಟ.

ಕೊನೆಗೆ ಆ ಬೋರ್ಡು. 'ಪರಿಸರಸ್ನೇಹಿ' ಅನ್ನುವ ಪದ ತೆಗೆದುಬಿಡಿ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಪದಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ, ಬರೆದರೆ ಪುರಾವೆ ಇರಬೇಕು ಅನ್ನುತ್ತದೆ. ಅದಕ್ಕಿಂತ ಮುಖ್ಯ, ಆ ಪದ ನಿಮ್ಮನ್ನು ಗೋಕರ್ಣದಲ್ಲಿ ನಿರುತ್ತರ ಮಾಡಿತು. ಇರುವುದನ್ನು ಇರುವ ಹಾಗೆ ಬರೆಯಿರಿ: "ಊಟಕ್ಕೆ ಬಳಸಿದ ಬೆಳಚಿನ ಚಿಪ್ಪು. ಕೊಕ್ಕೆ 925 ಬೆಳ್ಳಿ. ಮುರಿದರೆ ತನ್ನಿ, ಸರಿ ಮಾಡಿಕೊಡುತ್ತೇನೆ." ರೆಸಿನ್ ಇದ್ದರೆ ರೆಸಿನ್ ಅಂತಲೇ ಬರೆಯಿರಿ. ಈಗ ಮನೆಯಲ್ಲಿರುವ ರೆಸಿನ್ ಓಲೆಗಳನ್ನು ಎಸೆಯಬೇಡಿ, ಆಗಲೇ ಆಗಿಹೋದ ವಸ್ತು ಅದು. ಕೊಕ್ಕೆ ಬದಲಿಸಿ, ಚೀಟಿ ಅಂಟಿಸಿ, ಮಾರಿ. ಒಳಗೆ ಹವಳದ ಚೂರೇನಾದರೂ ಇದ್ದರೆ ಅದನ್ನು ಮಾತ್ರ ತೆಗೆದಿಡಿ.

ಕೆಲಸ ಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ. ಮುಂದಿನ ಸಲ ಗೋಕರ್ಣಕ್ಕೆ ಹೋಗುವಾಗ ಒಂದು ಇಕ್ಕಳ, ಒಂದು ಸುತ್ತು ಬೆಳ್ಳಿ ತಂತಿ ಸ್ಟಾಲ್ ಮೇಲೆಯೇ ಇಟ್ಟುಕೊಂಡು ಕೂರಿ. ಹಳೇ ಓಲೆಯ ಕೊಕ್ಕೆ ಹಾಕಿಸಿಕೊಳ್ಳಲು ಯಾರು ಬರುತ್ತಾರೆ ನೋಡಿ, ನನಗೂ ಬರೆದು ತಿಳಿಸಿ.